ಮೂರೇ ರೌಂಡಿಗೆ ಮಲಗುವ ಓಗರ್‌ಗೆ ಬಲ ತುಂಬುವ ಬಗೆ

ಮಣಿಪಾಲದ ಹಾಸ್ಟೆಲ್ ಕೋಣೆಯಿರಲಿ, ಕದ್ರಿಯ ಫ್ಲ್ಯಾಟಿನ ಊಟದ ಮೇಜಿರಲಿ, ದಾಳ ಉರುಳಿಸಿ ಕತೆ ಕಟ್ಟುವ ಮೇಜಿನಾಟ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡಿಸುವವರ ದೂರು ಒಂದೇ: ವಾರವಿಡೀ ತಯಾರಿ ಮಾಡಿದ ದೈತ್ಯ ಹತ್ತು ನಿಮಿಷಕ್ಕೆ ಸತ್ತುಬಿದ್ದ. 2014ರ ನಿಯಮದ ಓಗರ್ ಎಂಬ ದೈತ್ಯನನ್ನೇ ತೆಗೆದುಕೊಳ್ಳಿ. ಎಚ್‌ಪಿ (ಪ್ರಾಣಬಲ; ಸೊನ್ನೆಯಾದರೆ ಬಿದ್ದ) 59, ಎಸಿ (ಏಟು ತಗಲಲು ದಾಳದಲ್ಲಿ ಮುಟ್ಟಬೇಕಾದ ಅಂಕ) 11. ಮೂರನೇ ಲೆವೆಲಿನ ನಾಲ್ವರು ಆಟಗಾರರು ರೌಂಡಿಗೆ (ಎಲ್ಲರಿಗೂ ಒಂದೊಂದು ಸರದಿ) ಸುಮಾರು 23 ಎಚ್‌ಪಿಯಷ್ಟು ಹೊಡೆದರೂ ಮೂರನೇ ರೌಂಡಿನಲ್ಲಿ ಕತೆ ಮುಗಿಯಿತು.

ಮೊದಲು ಎಚ್‌ಪಿ. ಓಗರ್‌ನ ದಾಳದ ಲೆಕ್ಕ 7ಡಿ10+21, ಅಂದರೆ ಹತ್ತು ಮುಖದ ಏಳು ದಾಳಗಳ ಮೊತ್ತಕ್ಕೆ 21 ಕೂಡಿಸಿದ್ದು; 59 ಅದರ ಸರಾಸರಿ ಮಾತ್ರ, ಗರಿಷ್ಠ 91. ಅಷ್ಟಕ್ಕೆ ಏರಿಸಿದರೆ ನಿಯಮ ಮುರಿಯದೆಯೇ ಇನ್ನೊಂದು ರೌಂಡ್ ಸಿಗುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ, ಆಟಗಾರರು ಆಕಳಿಸುತ್ತಾರೆ.

ಎಸಿ ಮುಟ್ಟದಿರುವುದೇ ಒಳ್ಳೆಯದು. ಇಪ್ಪತ್ತು ಮುಖದ ದಾಳಕ್ಕೆ +5 ಕೂಡಿಸುವ ಆಟಗಾರನಿಗೆ ಎಸಿ 11ರ ಮೇಲೆ ಏಟು ತಗಲುವ ಸಾಧ್ಯತೆ ಶೇ 75. ಅದನ್ನೇ 18 ಮಾಡಿದರೆ ಶೇ 40. ಹತ್ತರಲ್ಲಿ ಆರು ಏಟು ಗಾಳಿಗೆ ಹೋದರೆ ದೈತ್ಯ ಬಲಶಾಲಿ ಅನ್ನಿಸುವುದಿಲ್ಲ, ಬೇಜಾರು ಹಿಡಿಸುತ್ತಾನೆ.

ಹೆಚ್ಚಿನವರು ಎಡವುವುದು ಏಟಿನ ಲೆಕ್ಕದಲ್ಲಿ. ದೊಣ್ಣೆಯ 2ಡಿ8+4 ಅನ್ನು 3ಡಿ8+4 ಮಾಡಿದರೇನು ಎಂದು ಅನ್ನಿಸುತ್ತದೆ. ಆದರೆ ಏಟು ತಗಲಿತೇ ಎಂದು ನೋಡುವ ದಾಳದಲ್ಲಿ 20 ಬಿದ್ದರೆ ಡ್ಯಾಮೇಜ್ ದಾಳಗಳು ದುಪ್ಪಟ್ಟು: 6ಡಿ8+4, ಗರಿಷ್ಠ 52. ಇಪ್ಪತ್ತು ಎಚ್‌ಪಿಯ ಮಂತ್ರವಾದಿಗೆ ಅಷ್ಟು ಬಿದ್ದರೆ ಮಿಕ್ಕ 32 ಅವನ ಪೂರ್ಣ ಎಚ್‌ಪಿಗಿಂತ ಜಾಸ್ತಿ. ಪ್ರಜ್ಞೆ ತಪ್ಪುವ ಮಾತೇ ಇಲ್ಲ, ನೇರ ಸಾವು. ಬದಲಿಗೆ 1ಡಿ8+4ರ ಎರಡು ಏಟು ಕೊಡಿ, ಇಬ್ಬರ ಮೇಲೆ ಹಂಚಿ. ಎರಡೂ ತಗಲಿದರೆ ಸರಾಸರಿ 17, ಹೆಚ್ಚುಕಡಿಮೆ 3ಡಿ8+4ರ ದೊಣ್ಣೆಯಷ್ಟೇ. ಆದರೆ ಯಾರೂ ಒಂದೇ ಏಟಿಗೆ ಸಾಯುವುದಿಲ್ಲ.

ನಿಜವಾದ ಕೊರತೆ ಸರದಿಯದು. ಅವರದು ನಾಲ್ಕು, ಇವನದು ಒಂದು. ರೌಂಡಿಗೊಮ್ಮೆ ಯಾರಾದರೂ ಆಟಗಾರನ ಸರದಿ ಮುಗಿದ ಕೂಡಲೇ ಓಗರ್ ಇಪ್ಪತ್ತು ಅಡಿ ಸರಿಯಲಿ, ಇಲ್ಲವೇ ಒಬ್ಬನನ್ನು ದೂಡಲಿ. ಜೊತೆಗೆ ಎರಡು ಗೋಬ್ಲಿನ್ (ಕುಳ್ಳ ಕಿಡಿಗೇಡಿಗಳು) ಸೇರಿಸಿ: ಶತ್ರುವಿನ ಕಷ್ಟ ಅಳೆಯುವ ಎಕ್ಸ್‌ಪಿ ಅಂಕ ಓಗರ್‌ಗೆ 450, ಗೋಬ್ಲಿನ್‌ಗಳಿಗೆ 100; ಕೂಡಿಸಿ ಮೂರು ಶತ್ರುಗಳಿಗೆ ಎರಡರಿಂದ ಗುಣಿಸಿದರೆ 1,100. ಈ ತಂಡಕ್ಕೆ ‘ಕಠಿಣ’ ಶುರುವಾಗುವುದು 900ಕ್ಕೆ, ‘ಮಾರಕ’ 1,600ಕ್ಕೆ. ಹೆಚ್ಚುವರಿ ಸರದಿ ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಮೂರನೇ ಗೋಬ್ಲಿನ್ ಬೇಡ.

ಇನ್ನು ಮಂತ್ರ. ಓಗರ್‌ನ ವಿಸ್ಡಮ್ ಸೇವ್ (ಮಂತ್ರ ತಡೆಯುವ ದಾಳಕ್ಕೆ ಸೇರುವ ಅಂಕ) -2. ಡಿಸಿ (ತಡೆಯಲು ಮುಟ್ಟಬೇಕಾದ ಅಂಕ) 13ರ ಮಂತ್ರದಿಂದ ಪಾರಾಗಲು ದಾಳದಲ್ಲಿ 15 ಬೀಳಬೇಕು. ಮಂತ್ರ ತಾಗುವುದೇ ಇಲ್ಲ ಎಂದು ಬರೆದಿಟ್ಟರೆ ಆಟಗಾರ ಮುನಿಸಿಕೊಳ್ಳುವುದು ಸಹಜ. ಓಗರ್ 20 ಎಚ್‌ಪಿ ಕಳೆದುಕೊಂಡು ಬಿಡಿಸಿಕೊಳ್ಳಲಿ, ಒಂದೇ ಸಲ. ಮಂತ್ರವೂ ದಂಡವಾಗಲಿಲ್ಲ, ಕಾಳಗವೂ ನಿಲ್ಲಲಿಲ್ಲ.

ಜಾಗ ಆರಿಸಲು ದೂರ ಹೋಗಬೇಕಿಲ್ಲ: ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆ ಸಾಕು. ಪಾಚಿಗಟ್ಟಿದ ಮೆಟ್ಟಿಲಲ್ಲಿ 30 ಅಡಿಯ ನಡಿಗೆ 15ಕ್ಕೆ ಇಳಿಯುತ್ತದೆ. ಮೇಲಿನ ಅಂಚಿನಿಂದ ಓಗರ್ ಈಟಿ ಎಸೆಯುತ್ತಾನೆ: 30 ಅಡಿಯೊಳಗೆ ಸರಾಗ, 120ರವರೆಗೆ ಕಷ್ಟಪಟ್ಟು. ಅಂಚಿನಿಂದ ದೂಡಿದರೆ ಬಿದ್ದ ಪ್ರತಿ ಹತ್ತು ಅಡಿಗೆ 1ಡಿ6 ಏಟು. ಅವನ ಬುದ್ಧಿ ಬರೀ 5 ಎಂಬುದು ನೆನಪಿರಲಿ; ಯುದ್ಧತಂತ್ರ ಗೋಬ್ಲಿನ್‌ಗಳದ್ದಾಗಲಿ.

ಪ್ರವೇಶ ಯಕ್ಷಗಾನದ ಬಣ್ಣದ ವೇಷದಂತಿರಲಿ: ತೆರೆಯ ಹಿಂದೆ ಮೊದಲು ಅಬ್ಬರ, ಆಮೇಲೆ ಮುಖ. ಹಾಗೆಂದು ಊರಿನ ದೈವಗಳಿಗೆ ಎಚ್‌ಪಿ ಬರೆಯಲು ಹೋಗಬೇಡಿ. ಜನ ಕೈಮುಗಿಯುವ ಪಂಜುರ್ಲಿ, ಗುಳಿಗ ಮೇಜಿನ ಮೇಲೆ ಸಾಯುವ ಶತ್ರುಗಳಲ್ಲ.

ಇಷ್ಟಾಗಿಯೂ ಏಟು ಜೋರಾಗಿ ಇಬ್ಬರು ಬಿದ್ದರೆ ಗೋಬ್ಲಿನ್‌ಗಳು ಓಡಿಹೋಗಲಿ, ಓಗರ್‌ನ ಹೆಚ್ಚುವರಿ ಸರದಿ ನಿಲ್ಲಲಿ. ಆಡಿಸುವವರ ಪರದೆಯ ಹಿಂದೆ 91 ಅನ್ನು 59 ಮಾಡುವ ಕೈಚಳಕ ಬೇಡ. ಡ್ಯಾಮೇಜ್ ಲೆಕ್ಕ ಬರೆದುಕೊಳ್ಳುವ ಒಬ್ಬನಾದರೂ ಮೇಜಿನಲ್ಲಿ ಇದ್ದೇ ಇರುತ್ತಾನೆ.