ಮೈಸೂರಲ್ಲಿ ಸೈಟ್ ರೇಟು: ಹೇಳೋದೆಷ್ಟು, ಆಗೋದೆಷ್ಟು, ನೀವೇ ನೋಡ್ಕೊಳ್ಳಿ

"ಮೈಸೂರಲ್ಲಿ ರೇಟು ಡಬಲ್ ಆಗಿದೆ ಸಾರ್." ಟೀ ಅಂಗಡಿ, ಮದುವೆ ಮನೆ, ಎಲ್ಲಿ ನಿಂತರೂ ಇದೇ ಮಾತು. ಯಾವುದರ ರೇಟು? ಬೋಗಾದಿಯದ್ದಾ, ಬನ್ನೂರು ರಸ್ತೆಯದ್ದಾ, ಇಲವಾಲದ ಆಚೆಯದ್ದಾ? ಹಾಗೆ ಕೇಳಿದರೆ ಮಾತು ನಿಂತುಹೋಗುತ್ತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆ ಆದಮೇಲಂತೂ ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಲೇಔಟ್ ಲೇಔಟ್ ಸುತ್ತುತ್ತಿವೆ, ಅವರಿಗೊಂದು ರೇಟು, ನಮಗೊಂದು ರೇಟು. ಮನೆ ಕಟ್ಟಲು 30x40 ಅಡಿ ಸೈಟು ಹುಡುಕುತ್ತಾ ನಾನು ಎರಡು ವರ್ಷ ಅಲೆದಿದ್ದೇನೆ. ಏಟೂ ತಿಂದಿದ್ದೇನೆ. ಹೇಳುವ ರೇಟು ಬಿಟ್ಟು ನಿಜವಾಗಿ ಆಗುವ ರೇಟು ಪತ್ತೆ ಮಾಡಲು ನಾನು ಕಂಡುಕೊಂಡ ದಾರಿ ಇದು.

ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಬಡಾವಣೆಯ ಗೈಡೆನ್ಸ್ ವ್ಯಾಲ್ಯೂ ನೋಡಿ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಅದನ್ನು ಏರಿಸಿದ್ದಾರೆ. ಅದು ಮಾರುಕಟ್ಟೆ ಬೆಲೆ ಅಲ್ಲ, ಸರ್ಕಾರ ಶುಲ್ಕ ಲೆಕ್ಕ ಹಾಕಲು ಇಟ್ಟುಕೊಂಡಿರುವ ಕನಿಷ್ಠ ಬೆಲೆ. ಆದರೂ ಅಳೆಯೋಕೆ ಒಂದು ಗೆರೆ ಸಿಕ್ಕಿತು. ಅದರ ಮೂರು ಪಟ್ಟು ಕೇಳಿದರೆ "ಯಾಕೆ ಸ್ವಾಮಿ?" ಅಂತ ಕೇಳೋಕೆ ಧೈರ್ಯ ಬರುತ್ತೆ.

ಆಮೇಲೆ ಇಸಿ, ಅಂದರೆ ಆ ಸೈಟಿನ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ (ಋಣಭಾರ ಪತ್ರ). ಎಲ್ಲರೂ ಸಾಲ ಇದೆಯಾ ಅಂತ ನೋಡೋಕೆ ಇಸಿ ತೆಗೆಸುತ್ತಾರೆ, ನಾನು ಅದನ್ನು ಬೇರೆ ಕೆಲಸಕ್ಕೂ ಬಳಸುತ್ತೇನೆ. ನಿಮ್ಮ ಸೈಟಿನದ್ದಷ್ಟೇ ಅಲ್ಲ, ಅಕ್ಕಪಕ್ಕದ ಎರಡು ಸೈಟಿನದ್ದೂ ತೆಗೆಸಿ. ಒಂದೇ ಸೈಟು ಮೂರು ವರ್ಷದಲ್ಲಿ ಮೂರು ಕೈ ಬದಲಾಗಿ, ಅಲ್ಲಿ ಇನ್ನೂ ಒಂದು ಪಾಯವೂ ಬಿದ್ದಿಲ್ಲ ಅಂದರೆ ಅಲ್ಲಿ ಮನೆ ಕಟ್ಟುವವರು ಯಾರೂ ಬಂದಿಲ್ಲ, ಕೈಯಿಂದ ಕೈಗೆ ದಾಟಿಸುವವರು ಮಾತ್ರ ಬಂದಿದ್ದಾರೆ ಅಂತ ಅರ್ಥ. ಕೊನೆಗೆ ಸಿಕ್ಕಿಬೀಳುವವರು ನೀವೇ ಆಗಬಾರದಲ್ವಾ? ಕ್ರಯಪತ್ರದಲ್ಲಿ ಬರೆದ ಮೊತ್ತವನ್ನು ಪೂರ್ತಿ ನಂಬಬೇಡಿ, ಕಡಿಮೆ ತೋರಿಸುವ ಚಾಳಿ ಹಳೆಯದು. ಕೈ ಬದಲಾದ ದಿನಾಂಕಗಳನ್ನು ಮಾತ್ರ ನಂಬಬಹುದು.

ಇನ್ನು ಸಂಜೆ ಏಳು ಗಂಟೆಗೆ ಹೋಗಿ. ಹಗಲು ಹೊತ್ತು ಯಾವ ಲೇಔಟೂ ಚೆಂದವೇ, ಟಾರು, ಕಮಾನು, ಸಾಲುಗಿಡ ಎಲ್ಲ ಇರುತ್ತೆ. ರಿಂಗ್ ರೋಡಿನ ಆಚೆ ಒಂದು ಕಡೆ ನಾನು ಹೀಗೆ ಹೋದೆ. ಒಂದು ಅಡ್ಡರಸ್ತೆಯಲ್ಲಿ ಹದಿನಾರು ಸೈಟು, ಮೂರು ಮನೆಯಲ್ಲಿ ದೀಪ. ಉಳಿದದ್ದೆಲ್ಲ ಪಾರ್ಥೇನಿಯಂ, ಮಧ್ಯೆ ಯಾರದೋ ಹಸು ಕಟ್ಟಿದ್ದರು. ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರನ್ನು "ನೀರು ಹೇಗಮ್ಮಾ?" ಅಂದೆ. "ಬೋರ್ ನೀರು ಕಣಪ್ಪ, ಎರಡು ದಿನಕ್ಕೊಂದ್ಸಲ ಬಿಡ್ತಾರೆ. ಕುಡಿಯಾಕೆ ಕ್ಯಾನು." ಬ್ರೋಕರ್ ಮೂರು ಸಲ ಬಂದರೂ ಹೇಳದಿದ್ದ ಮಾತು ಅದು. ಮೈಸೂರಿನಲ್ಲಿ ರೇಟು ಹೇಳುವುದು ನಲ್ಲಿ. ನಲ್ಲಿಯಲ್ಲಿ ಕಾವೇರಿ ಅಥವಾ ಕಬಿನಿ ನೀರು ಬರುವ ರಸ್ತೆಗೂ, ಬೋರ್ ನಂಬಿದ ರಸ್ತೆಗೂ ಒಂದೇ ರೇಟು ಕೇಳಿದರೆ ಎದ್ದು ಬನ್ನಿ.

ಬಾಡಿಗೆಯನ್ನೂ ಕೇಳಿ. ಇದು ಬಹಳ ಜನ ಮಾಡದ ಲೆಕ್ಕ. ಉದಾಹರಣೆಗೆ, ಆ ರಸ್ತೆಯಲ್ಲಿ ಕಟ್ಟಿದ ಮನೆಗೆ 90 ಲಕ್ಷ ಹೇಳುತ್ತಾರೆ, ಅಂಥದ್ದೇ ಮನೆಗೆ ಬಾಡಿಗೆ 18 ಸಾವಿರ ಅಂತಿಟ್ಟುಕೊಳ್ಳಿ. ವರ್ಷಕ್ಕೆ 2 ಲಕ್ಷ 16 ಸಾವಿರ, ಅಂದರೆ ನೂರಕ್ಕೆ 2.4. ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತೆ. ವಾಸಕ್ಕೆ ತಗೊಳ್ಳುವವರಿಗೆ ಇದು ಅಡ್ಡಿಯಲ್ಲ, "ಇನ್ವೆಸ್ಟ್‌ಮೆಂಟ್" ಅಂದುಕೊಂಡು ಸಾಲ ಮಾಡುವವರು ಮಾತ್ರ ಈ ಲೆಕ್ಕವನ್ನು ಎರಡು ಸಲ ಮಾಡಲಿ.

ಹೈವೇ ಪಕ್ಕ ಅನ್ನುವ ಆಸೆಗೂ ಒಂದು ಮಾತು. ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬಿಡುವುದಿಲ್ಲ. ಶ್ರೀರಂಗಪಟ್ಟಣದ ಕಡೆ ಸೈಟು ಕೊಂಡು ಸ್ಕೂಟರ್‌ನಲ್ಲಿ ಓಡಾಡುವವರಿಗೆ ಸರ್ವಿಸ್ ರಸ್ತೆಯೇ ಗತಿ. ಆ ರಸ್ತೆಯಲ್ಲಿ ಒಂದು ಸಲ ಓಡಾಡಿ ನೋಡಿ, ಆಮೇಲೆ ರೇಟು ಮಾತಾಡಿ.

ಈಗ ನನ್ನ ಏಟು. ಸುತ್ತಮುತ್ತಲಿಗಿಂತ ಕಾಲು ಭಾಗ ಕಡಿಮೆ ರೇಟಿಗೆ ಒಂದು ಸೈಟು ಬಂತು. "ಓನರ್‌ಗೆ ಮಗಳ ಮದುವೆ, ಅರ್ಜೆಂಟು" ಅಂದರು. 50 ಸಾವಿರ ಟೋಕನ್ ಕೊಟ್ಟೆ. ಪತ್ರ ಕೈಗೆ ಬಂದಾಗ ನೋಡಿದರೆ ಪಂಚಾಯಿತಿಯ ನಮೂನೆ 11ಬಿ, ಅಂದರೆ ಸರಿಯಾದ ಒಪ್ಪಿಗೆ ಇಲ್ಲದ ಸೈಟಿನ ಪತ್ರ. ಬ್ಯಾಂಕಿನವರು ಸಾಲ ಕೊಡಲ್ಲ ಅಂದುಬಿಟ್ಟರು. ಟೋಕನ್‌ನಲ್ಲಿ ಅರ್ಧ ವಾಪಸ್ ಬರಲು ಆರು ತಿಂಗಳಾಯಿತು, ಇನ್ನರ್ಧ ಬರಲೇ ಇಲ್ಲ. ಆಗ ಗೊತ್ತಾಯಿತು, ರೇಟು ಕಡಿಮೆ ಇದ್ದದ್ದು ಮಗಳ ಮದುವೆಗಲ್ಲ, ಪತ್ರಕ್ಕೆ. ಹಾಗಾಗಿ ಪಂಚಾಯಿತಿ ಸೈಟಾದರೆ ನಮೂನೆ 9 ಮತ್ತು 11ಎ (ಒಪ್ಪಿಗೆ ಇರುವ ಸೈಟಿನ ಪತ್ರಗಳು) ಕೇಳಿ, ನಗರದ ವ್ಯಾಪ್ತಿಯಾದರೆ ಇ-ಖಾತಾ ಕೇಳಿ. ಭೂಪರಿವರ್ತನೆ ಆದೇಶ ಮತ್ತು ಮುಡಾ ಒಪ್ಪಿದ ನಕ್ಷೆ ಎರಡೂ ಬೇಕು (ಮುಡಾ ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗ ಎಂಡಿಎ ಆಗಿದೆ, ಜನರ ಬಾಯಲ್ಲಿ ಇನ್ನೂ ಮುಡಾನೇ). ಲೇಔಟ್ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಬೇಕು, ಬೋರ್ಡಿನ ಮೇಲಿನ ನಂಬರನ್ನು ರೇರಾ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಸರ್ವೆ ನಂಬರನ್ನು ಸರ್ಕಾರದ ದಿಶಾಂಕ್ ನಕ್ಷೆ ಆ್ಯಪ್‌ನಲ್ಲಿ ನೋಡಿದರೆ ಕೆರೆ, ಕಾಲುವೆ ಏನಾದರೂ ಹಾದುಹೋಗಿದೆಯಾ ಅನ್ನೋದು ಗೊತ್ತಾಗುತ್ತೆ. ಹಳೇ ಮಂಜೂರಾತಿ ಜಮೀನಾಗಿದ್ದರೆ ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ ಕಾಯ್ದೆ) ವಿಚಾರವನ್ನು ವಕೀಲರಿಂದ ನೋಡಿಸಲೇಬೇಕು. ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಮಾರ್ತೀನಿ ಅಂದರೆ ಬೇಡ, ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಬಜೆಟ್ ಹಾಕುವಾಗ ನೋಂದಣಿ ಖರ್ಚು ಮರೆಯಬೇಡಿ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಆಗಿದೆ. ಒಟ್ಟು ನೂರಕ್ಕೆ ಸುಮಾರು 7.6. ಅಂದರೆ 60 ಲಕ್ಷದ ಸೈಟಿಗೆ ನಾಲ್ಕೂವರೆ ಲಕ್ಷ ಬರೀ ಇದಕ್ಕೇ. 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ನೂರಕ್ಕೆ 1 ಟಿಡಿಎಸ್ (ಅವರ ಪರವಾಗಿ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು.

ಚೌಕಾಸಿಗೆ ಒಳ್ಳೆ ಕಾಲ ಆಷಾಢ. ಚಾಮುಂಡಿ ಬೆಟ್ಟದಲ್ಲಿ ಜನ ತುಂಬಿರುತ್ತಾರೆ, ಸೈಟು ನೋಡೋಕೆ ಬರುವವರು ಕಡಿಮೆ. ಮಾತು ಆಗಲೇ ಮುಗಿಸಿ, ನೋಂದಣಿ ಬೇಕಾದರೆ ಶ್ರಾವಣಕ್ಕೆ ಇಟ್ಟುಕೊಳ್ಳಿ. ದಕ್ಷಿಣದ ಬಾಗಿಲಿಗೆ ತಕರಾರಿಲ್ಲ ಅನ್ನುವವರಿಗೆ ಇನ್ನಷ್ಟು ಇಳಿಯುತ್ತೆ, ನನಗೂ ಹಾಗೇ ಸಿಕ್ಕಿದ್ದು. ಆಷಾಢದಲ್ಲಿ ಹೋಗುವುದರಿಂದ ಇನ್ನೊಂದು ಲಾಭವೂ ಇದೆ: ಜೋರು ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಹಳೇ ಚಪ್ಪಲಿ ಹಾಕಿಕೊಂಡು ಸೈಟಿನ ನಾಲ್ಕೂ ಮೂಲೆ ತುಳಿದು ಬನ್ನಿ, ನೀರು ಯಾವ ಮೂಲೆಯಲ್ಲಿ ನಿಂತಿದೆ ಅಂತ ಕಾಲಿಗೇ ಗೊತ್ತಾಗುತ್ತೆ.