ಕೊಡಗಿನ ಮಳೆ ತಡೆಯುವ ನಾಡಹೆಂಚು ಆರಿಸುವುದು ಹೇಗೆ

ಐನ್‌ಮನೆ (ಕೊಡವ ಕುಟುಂಬಗಳ ಹಳೇ ಮೂಲಮನೆ) ಥರದ ಮಾಡು, ಅಂದರೆ ಚಾವಣಿ, ಬೇಕು ಅಂತ ಕೊಡಗಿನಲ್ಲಿ ಈಗ ನಾಡಹೆಂಚು ಹುಡುಕುವವರು ಜಾಸ್ತಿಯಾಗಿದ್ದಾರೆ. ಹೊಸ ಮನೆಗೆ, ಹೋಂಸ್ಟೇಗೆ, ಹಳೇ ಮನೆಯ ರಿಪೇರಿಗೆ. ತುಂಬಾ ಒಳ್ಳೆಯದು. ಆದರೆ ಬಹಳ ಜನ ಬಣ್ಣ ನೋಡಿ ಹೆಂಚು ಒಪ್ಪಿಕೊಂಡು ಬಿಡುತ್ತಾರೆ. ಇಲ್ಲಿ ಮೊದಲು ಯೋಚಿಸಬೇಕಾದ್ದು ನೀರಿನ ಬಗ್ಗೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೇಲೆ ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ, ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ಕುಶಾಲನಗರದ ನೆಂಟರ ಮನೆ ಮೇಲೆ ಚೆನ್ನಾಗಿ ಕೂತಿರುವ ಹೆಂಚು ಭಾಗಮಂಡಲದ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಗಾಲ) ಸೋರದೆ ಇರುತ್ತೆ ಅಂತ ನಂಬಬೇಡಿ.

ಯಾವ ಹೆಂಚು ಬೇಕು ಅನ್ನುವುದನ್ನೇ ಮೊದಲು ತೀರ್ಮಾನ ಮಾಡಿಕೊಳ್ಳಿ. ನಾಡಹೆಂಚು ಅಂದರೆ ಕುಂಬಾರರು ತಿಗರಿ ಮೇಲೆ ಕೊಳವೆ ಥರ ಎಳೆದು, ಉದ್ದಕ್ಕೆ ಎರಡು ಸೀಳು ಮಾಡಿ ಸುಟ್ಟಿದ್ದು. ಒಂದು ತುದಿ ಅಗಲ, ಇನ್ನೊಂದು ಸ್ವಲ್ಪ ಕಿರಿದು. ಒಂದು ಸಾಲು ಅಂಗಾತ, ಅದರ ಮೇಲೆ ಇನ್ನೊಂದು ಸಾಲು ಕವುಚಿ ಹೊದಿಸುತ್ತಾರೆ. ಮಂಗಳೂರು ಹೆಂಚು ಬೇರೆ. ಅದು ಅಚ್ಚಿನಲ್ಲಿ ಒತ್ತಿದ್ದು, ಚಪ್ಪಟೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಅದು ಎಲ್ಲ ಕಡೆ ಹರಡಿತು. ನಮ್ಮ ಕಣ್ಣಿಗೆ ಹಳೇದು ಅಂತ ಕಾಣುವ ಕೊಡಗಿನ ಎಷ್ಟೋ ಮನೆಗಳ ಮೇಲಿರುವುದು ಮಂಗಳೂರು ಹೆಂಚೇ, ಅದಕ್ಕೂ ಮೊದಲು ಹುಲ್ಲಿನ ಮಾಡು ಇತ್ತು. ನಿಮಗೆ ಬೇಕಿರುವುದು ಆ ನೋಟವಾದರೆ ನಾಡಹೆಂಚಿನ ಹಿಂದೆ ಓಡಬೇಕಿಲ್ಲ. ಅಲೆ ಅಲೆಯಾದ, ಒಂದರಂತೆ ಒಂದಿಲ್ಲದ ಆ ಕೈಕೆಲಸವೇ ಬೇಕು ಅಂದರೆ ಮಾತ್ರ ಮುಂದೆ ಹೋಗಿ.

ಹೆಂಚಿಗೂ ಮೊದಲು ಇಳಿಜಾರು ಅಳೆಯಿರಿ. ನಾಡಹೆಂಚು ಕಚ್ಚಿಕೊಳ್ಳುವುದಿಲ್ಲ, ಸುಮ್ನೆ ಒಂದರ ಮೇಲೊಂದು ಕೂತಿರುತ್ತೆ ಅಷ್ಟೆ. ಮಾಡು ಚಪ್ಪಟೆಯಾದರೆ ಗಾಳಿ ಮಳೆಗೆ ನೀರು ಹಿಂದಕ್ಕೆ ತಳ್ಳಿಸಿಕೊಂಡು ಸಂದಿಯಿಂದ ಒಳಗೆ ಬರುತ್ತೆ. ಒಂದು ಅಡಿ ಅಡ್ಡಕ್ಕೆ ಕಡಿಮೆ ಅಂದರೂ 7 ಇಂಚು ಎತ್ತರ ಬೇಕು, ಅಂದರೆ ಸುಮಾರು 30 ಡಿಗ್ರಿ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ನಾನಾದರೆ 8 ಇಂಚಿಗೆ ಕಡಿಮೆ ಒಪ್ಪುವುದಿಲ್ಲ. ತುಂಬಾ ಕಡಿದಾದರೂ ಕಷ್ಟ, ಹೆಂಚು ಜಾರುತ್ತೆ.

ಈಗ ಹೆಂಚು. ಒಂದನ್ನು ಬೆರಳ ಮೇಲೆ ತೂಗಿಸಿ ಹಿಡಿದು ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂತ ಬಂದರೆ ಚೆನ್ನಾಗಿ ಬೆಂದಿದೆ. ಡಬ್ ಅಂದರೆ ಬೆಂದಿಲ್ಲ, ಇಲ್ಲಾ ಕಣ್ಣಿಗೆ ಕಾಣದ ಬಿರುಕಿದೆ. ರಾಶಿಯ ಮೇಲಿನ ಹೆಂಚನ್ನು ಮಾತ್ರ ತಟ್ಟಬೇಡಿ, ನಡುವಿನಿಂದ, ಅಡಿಯಿಂದ ಎಳೆಸಿ ತಟ್ಟಿ. ಹೆಂಚು ಸುಡುವ ಆವಿಗೆಯಲ್ಲಿ ಎಲ್ಲ ಕಡೆ ಬೆಂಕಿ ಒಂದೇ ಥರ ತಾಗುವುದಿಲ್ಲ, ಅಲ್ವಾ? ಅದಕ್ಕೇ ಬಣ್ಣದಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ, ಅದೇ ಅದರ ಚಂದ. ಆದರೆ ಪೇಲವವಾಗಿ, ಉಗುರಿನಿಂದ ಕೆರೆದರೆ ಪುಡಿ ಬರುವುದನ್ನು ಬಿಟ್ಟುಬಿಡಿ. ಕಪ್ಪಾಗಿ ಸೊಟ್ಟಗಾಗಿರುವುದು ಗಟ್ಟಿ ಇರಬಹುದು, ಆದರೆ ಕೂರುವುದಿಲ್ಲ.

ಅಷ್ಟಕ್ಕೇ ನಿಲ್ಲಿಸಬೇಡಿ. ನಾಲ್ಕೈದು ಹೆಂಚು ಮನೆಗೆ ತನ್ನಿ. ಒಣಗಿದ್ದಾಗ ತೂಕ ಮಾಡಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಕ ಮಾಡಿ. ಮಂಗಳೂರು ಹೆಂಚಿನ ಮಾನದಂಡವಾದ ಐಎಸ್ 654 ಮೇಲಿನ ದರ್ಜೆಗೆ 18%, ಅದರ ಕೆಳಗಿನ ದರ್ಜೆಗೆ 20% ನೀರು ಹೀರಲು ಬಿಡುತ್ತೆ. ನಾಡಹೆಂಚಿಗೂ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದು ಕೆಜಿ ಹೆಂಚು ನೆಂದ ಮೇಲೆ 1 ಕೆಜಿ 200 ಗ್ರಾಂ ದಾಟಿದರೆ ನಮ್ಮ ಮಳೆಗೆ ಬೇಡ. ಅಷ್ಟು ನೀರು ಕುಡಿದ ಹೆಂಚಿನ ಭಾರವೆಲ್ಲ ಪಕಾಸು (ಇಳಿಜಾರಿನ ಮರದ ತೊಲೆ), ರೀಪುಗಳ (ಅದರ ಮೇಲಿನ ಅಡ್ಡಪಟ್ಟಿ) ಮೇಲೆ ಬೀಳುತ್ತೆ, ಪಾಚಿಯೂ ಬೇಗ ಹಿಡಿಯುತ್ತೆ.

ನೆನೆಸಿದ ಹೆಂಚನ್ನು ಇನ್ನೂ ಎರಡು ಮೂರು ದಿನ ಹಾಗೇ ಇಟ್ಟು ನೋಡಿ. ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರು ಸೇರಿದ್ದರೆ ಅದು ಸುಟ್ಟಾಗ ಸುಣ್ಣವಾಗಿ, ನೀರು ತಾಗಿದ ಮೇಲೆ ಉಬ್ಬಿ, ಮೇಲಿನ ಪದರ ಚಕ್ಕೆ ಎದ್ದು ಬಿಳಿ ಚುಕ್ಕೆ ಕಾಣುತ್ತೆ. ಒಂದೆರಡು ಹೆಂಚಿನಲ್ಲಿ ಕಂಡರೂ ಆ ಆವಿಗೆಯ ಮಾಲು ಬಿಟ್ಟುಬಿಡಿ.

ಇನ್ನೊಂದು ಪರೀಕ್ಷೆ, ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು. ಹೆಂಚನ್ನು ಅಂಗಾತ ಇಟ್ಟು ಎರಡೂ ತುದಿಗೆ ಜೇಡಿಮಣ್ಣು ಮೆತ್ತಿ ಒಳಗೆ ನೀರು ತುಂಬಿಸಿ. ಆರು ಗಂಟೆ ಬಿಟ್ಟು ಅಡಿಭಾಗ ಮುಟ್ಟಿ ನೋಡಿ. ತೇವ ಆಗಿದ್ದರೆ ಪರವಾಗಿಲ್ಲ. ಹನಿ ತೊಟ್ಟಿಕ್ಕಿದರೆ ಆ ಹೆಂಚು ಬೇಡ.

ಆಕಾರ ನೋಡಲು ಅಂಗಳದಲ್ಲೇ ರೀಪು ಇಟ್ಟು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲಕ್ಕೆ ಹೊದಿಸಿ. ಮೇಲಿನ ಹೆಂಚು ಕೆಳಗಿನದರ ಮೇಲೆ ಕಡಿಮೆ ಅಂದರೂ 3 ಇಂಚು ಬರಬೇಕು, ಮಳೆ ಜಾಸ್ತಿ ಇರುವ ಕಡೆ 4. ಅಲುಗಾಡುವವು, ಸಂದಿ ಬಿಡುವವು ಎಷ್ಟು ಅಂತ ಅಲ್ಲೇ ಗೊತ್ತಾಗುತ್ತೆ. ಬೇಕಾದ ಹೆಂಚಿನ ಲೆಕ್ಕವೂ ಸಿಗುತ್ತೆ: ಅಷ್ಟು ಜಾಗಕ್ಕೆ ಹಿಡಿದ ಸಂಖ್ಯೆಯನ್ನು ಇಳಿಜಾರಿನ ಮೇಲೆ ಅಳೆದ ಪೂರ್ತಿ ವಿಸ್ತೀರ್ಣಕ್ಕೆ ಗುಣಿಸಿ, ನೆಲದ ವಿಸ್ತೀರ್ಣಕ್ಕಲ್ಲ. ನೆತ್ತಿಗೆ ಬೇಕಾದ ದೊಡ್ಡ ಹೆಂಚನ್ನೂ ಅದೇ ಕುಂಬಾರರಿಂದ ಅದೇ ಸಲ ಮಾಡಿಸಿ.

ಘಟ್ಟದ ಅಂಚಿನ ಊರುಗಳಲ್ಲಿ ಬರೀ ನಾಡಹೆಂಚು ಸಾಕು ಅಂತ ನಾನು ಹೇಳುವುದಿಲ್ಲ. ಗಾಳಿಗೆ ಜರುಗುತ್ತೆ, ಕೋತಿ ಕಿತ್ತು ಹಾಕುತ್ತೆ, ಸಿಲ್ವರ್ ಓಕ್ ಕೊಂಬೆ ಬಿದ್ದು ಒಡೆಯುತ್ತೆ. ಹೆಂಚಿನ ಕೆಳಗಡೆ ಶೀಟ್ ಹಾಕಿ, ಅದರ ಮೇಲೆ ರೀಪು ಹೊಡೆದು, ಗಾಳಿ ಆಡಲು ಜಾಗ ಬಿಟ್ಟು ಹೆಂಚು ಹೊದಿಸಿ. ಕಾಂಕ್ರೀಟ್ ಸ್ಲ್ಯಾಬಿಗೆ ಸಿಮೆಂಟ್ ಮೆತ್ತಿ ಅಂಟಿಸುವುದು ಮಾತ್ರ ಬೇಡ. ಅಡಿಯಲ್ಲಿ ನೀರು ನಿಲ್ಲುತ್ತೆ, ಒಂದು ಒಡೆದರೆ ಪಕ್ಕದ ನಾಲ್ಕು ಒಡೆಯದೆ ಬದಲಾಯಿಸಲು ಬರುವುದಿಲ್ಲ.

ಹಳೇ ಮನೆ ಕೆಡವಿದ ಹೆಂಚು ಸಿಕ್ಕಿದರೆ ಬಿಡಬೇಡಿ. ವರ್ಷಗಟ್ಟಲೆ ಮಳೆ ಕಂಡಿರುತ್ತೆ, ಕೆಡುವಂಥದ್ದು ಆಗಲೇ ಕೆಟ್ಟುಹೋಗಿರುತ್ತೆ. ಆದರೆ ಬಣ್ಣ ಬಳಿದು ಮಾರುವುದನ್ನು ತಗೊಳ್ಳಬೇಡಿ, ಬಿರುಕು ಮುಚ್ಚಿಹೋಗಿರುತ್ತೆ. ಮಂಗಳೂರು ಹೆಂಚಾದರೆ ಹಿಂದಿನ ಮುದ್ರೆ ನೋಡಿ ಒಂದೇ ಕಾರ್ಖಾನೆಯದನ್ನು ಆರಿಸಿ. ಬೇರೆ ಬೇರೆ ಕಾರ್ಖಾನೆಯ ಹೆಂಚು ನೋಡಲು ಒಂದೇ ಥರ ಇದ್ದರೂ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಹಸಿ ಹೆಂಚು ಒಣಗಲು ಬಿಸಿಲು ಬೇಕು. ಆದ್ದರಿಂದ ಹುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಕೂಡಲೇ ಕುಂಬಾರರ ಹತ್ತಿರ ಮಾತಾಡಿ, ಏಪ್ರಿಲ್ ಒಳಗೆ ಹೊದಿಸಿ ಮುಗಿಸಿ. ಮೇ ತಿಂಗಳಲ್ಲಿ ಅವಸರಕ್ಕೆ ಹೋದರೆ ಅರೆಬೆಂದದ್ದೇ ಸಿಗುವುದು. ಲಾರಿಯಲ್ಲಿ ಹೆಂಚನ್ನು ಮಲಗಿಸದೆ ನಿಲ್ಲಿಸಿ ಜೋಡಿಸಿ, ನಡುವೆ ಹುಲ್ಲು ತುರುಕಲು ಹೇಳಿ, ತೋಟದ ರಸ್ತೆಯಲ್ಲಿ ಒಡೆಯುವುದು ಕಡಿಮೆಯಾಗುತ್ತೆ. ಲೆಕ್ಕಕ್ಕಿಂತ 15% ಜಾಸ್ತಿ ತರಿಸಿ. ಒಡೆದದ್ದು ಕಳೆದು ಉಳಿದದ್ದನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಜೋಪಾನ ಮಾಡಿ, ಅದೇ ಅಳತೆಯ ಹೆಂಚು ಮುಂದೆ ಎಲ್ಲಿ ಹುಡುಕಿದರೂ ಸಿಗುವುದು ಕಷ್ಟ.