ಕಾಣಿಕೆ ಕೇಳುವ ಮೊದಲು ಲೆಕ್ಕ ತೆರೆಯಿರಿ

ಪೇಟೆಯ ಚರ್ಚಿನ ಸೇವಾಕಾರ್ಯಗಳಿಗೆ ಜನ ಮನಸಾರೆ ಕೊಡುವಂತಾಗಲು ಸಮಿತಿಯವರು ಏನು ಮಾಡಬೇಕು?

ಆರಾಧನೆ ಮುಗಿಯುವ ಹೊತ್ತು, ಪ್ರಕಟಣೆಗಳ ಸರದಿ. ಮೈಕ್ ಹಿಡಿದವರು 'ಸೇವಾ ನಿಧಿ ಸಾಲುತ್ತಿಲ್ಲ, ಎಲ್ಲರೂ ಧಾರಾಳವಾಗಿ ಕೊಡಬೇಕು' ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನವರ ಕೈ ಬೈಕಿನ ಕೀ ಹುಡುಕುತ್ತಿರುತ್ತದೆ. ಕಾಸರಗೋಡಿನಂಥ ಪೇಟೆಯಲ್ಲಿ ಚರ್ಚಿನ ಸಮಿತಿಯಲ್ಲಿ ಕೂತವರಿಗೆಲ್ಲ ಇದು ಗೊತ್ತಿರುವ ನೋಟ. 'ನಮ್ಮವರ ಕೈ ಗಟ್ಟಿ' ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅದೇ ಜನ, ನೆರೆಮನೆಯ ಹುಡುಗನ ಆಪರೇಷನ್ನಿಗೆ ವಾಟ್ಸ್‌ಆ್ಯಪ್‌ನಲ್ಲಿ ಮನವಿ ಬಂದರೆ ಜಾತಿ ಮತ ನೋಡದೆ ಸಂಜೆಯೊಳಗೆ ಹಣ ಹಾಕುತ್ತಾರೆ. ಅಲ್ಲಿ ಹುಡುಗ ಯಾರು, ಬೇಕಾದದ್ದೆಷ್ಟು, ಯಾವ ಆಸ್ಪತ್ರೆ, ಎಲ್ಲ ಬರೆದಿರುತ್ತದೆ. 'ಧಾರಾಳವಾಗಿ' ಎಂಬ ಮಾತಿನಲ್ಲಿ ಇದೊಂದೂ ಇಲ್ಲ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಪ್ರಸಂಗಪೀಠದಿಂದಲ್ಲ, ಕಾಣಿಕೆ ಎಣಿಸುವ ಮೇಜಿನಿಂದ.

ಮೊದಲ ಹೆಜ್ಜೆ: ಎಣಿಸುವ ಮೇಜು ಸರಿಪಡಿಸಿ

ಕಾಣಿಕೆ ಚೀಲವನ್ನು ಒಬ್ಬರೇ ಮನೆಗೆ ಒಯ್ದು ಎಣಿಸುವ ರೂಢಿ ಈಗಲೂ ಎಷ್ಟೋ ಕಡೆ ಇದೆ. ಒಯ್ಯುವವರು ಪರಮ ಪ್ರಾಮಾಣಿಕರೇ ಇರಬಹುದು. ಆದರೂ ಅದು ನಿಲ್ಲಬೇಕು. ಮುಖ್ಯವಾಗಿ ಆ ಪ್ರಾಮಾಣಿಕರ ಹೆಸರು ಉಳಿಯುವುದಕ್ಕಾಗಿಯೇ ನಿಲ್ಲಬೇಕು. ಪ್ರತಿ ಭಾನುವಾರ ಚರ್ಚಿನೊಳಗೇ, ಒಂದೇ ಮನೆಯವರಲ್ಲದ ಇಬ್ಬರು ಕೂತು ಎಣಿಸಲಿ. ಒಂದು ಚೀಟಿಯಲ್ಲಿ ₹500 ಎಷ್ಟು, ₹200 ಎಷ್ಟು, ₹100 ಎಷ್ಟು, ಚಿಲ್ಲರೆ ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಲಿ. ಚೀಟಿ ಲೆಕ್ಕದ ಪುಸ್ತಕಕ್ಕೆ ಅಂಟಲಿ, ಹಣ ಸೋಮವಾರ ಬ್ಯಾಂಕಿಗೆ ಹೋಗಲಿ. ಆ ಹಣದಿಂದಲೇ ಹೂವಿನವರಿಗೂ ಎಲೆಕ್ಟ್ರಿಷಿಯನ್ನಿಗೂ ಕೊಟ್ಟು ಉಳಿದದ್ದನ್ನಷ್ಟೇ ಕಟ್ಟುವ ಅಭ್ಯಾಸ ಬೇಡ. ಬಂದದ್ದೆಲ್ಲ ಬ್ಯಾಂಕಿಗೆ ಹೋಗಿ, ಖರ್ಚೆಲ್ಲ ಬ್ಯಾಂಕಿನಿಂದ ಬಂದರೆ ಆಡಿಟರ್ ಕೂಡ ನಿಮ್ಮನ್ನು ಹರಸುತ್ತಾರೆ.

'ನಮ್ಮ ಮೇಲೆ ನಂಬಿಕೆ ಇಲ್ಲವೇ?' ಎಂದು ಹಿರಿಯ ಖಜಾಂಚಿಯೊಬ್ಬರು ಮುನಿಸಿಕೊಂಡರೆ ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೇ ಅಧ್ಯಾಯ ತೆರೆದು ತೋರಿಸಿ. ಯೆರೂಸಲೇಮಿನ ಬಡವರಿಗೆಂದು ಸಭೆಗಳಿಂದ ಕೂಡಿಸಿದ ಹಣದ ವಿಷಯದಲ್ಲಿ ಪತ್ರ ಬರೆದ ಅಪೊಸ್ತಲ ಪೌಲನು ತನ್ನ ಸಂಗಾತಿ ತೀತನ ಜೊತೆಗೆ ಬೇರೆಯವರನ್ನೂ ಕಳುಹಿಸುತ್ತಾನೆ. ಈ ದೊಡ್ಡ ಮೊತ್ತದ ಬಗ್ಗೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಎಂದು ಕಾರಣವನ್ನೂ ಹೇಳುತ್ತಾನೆ. ಗಳಿಕೆಯ ಹತ್ತನೇ ಒಂದು ಪಾಲು ಕೊಡುವ ದಶಮಾಂಶದ ಬಗ್ಗೆ ನಮ್ಮಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಈ ವಾಕ್ಯಗಳ ಮೇಲೆ ಮಾತ್ರ ಯಾಕೋ ಅಪರೂಪ.

ಇನ್ನು ಮೂರು ತಿಂಗಳಿಗೊಮ್ಮೆ ಒಂದೇ ಪುಟದ ಲೆಕ್ಕ ನೋಟಿಸ್ ಬೋರ್ಡಿಗೆ ಬರಲಿ. ವಾರ್ಷಿಕ ಮಹಾಸಭೆಯ ದಪ್ಪ ವರದಿಯನ್ನು ಓದುವವರು ಬೆರಳೆಣಿಕೆಯ ಮಂದಿ. ಆ ಒಂದು ಪುಟದಲ್ಲಿ ಬಂದದ್ದು, ಹೋದದ್ದು, ಉಳಿದದ್ದು. ಅದರಲ್ಲೂ ಕಟ್ಟಡ ಮತ್ತು ಸಂಬಳಕ್ಕೆ ಎಷ್ಟು, ಹೊರಗಿನವರ ಸೇವೆಗೆ ಎಷ್ಟು ಎಂಬುದು ಬೇರೆ ಬೇರೆ ಕಾಣಲಿ. ಈ ಎರಡನೇ ಮೊತ್ತ ನಾಚಿಕೆಯಾಗುವಷ್ಟು ಸಣ್ಣದಿದ್ದರೆ, ಮುಚ್ಚಿಡದೆ ಅದನ್ನೇ ಸಭೆಯ ಮುಂದಿಡಿ. ಹೆಚ್ಚು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಸಿಗದು.

ಎರಡನೇ ಹೆಜ್ಜೆ: ಯಾವುದಕ್ಕೆ, ಎಷ್ಟು

'ಸೇವಾ ನಿಧಿ' ಎಂಬ ಒಂದೇ ಡಬ್ಬಿಯನ್ನು ಬಿಡಿಸಿ ನೋಡಿ. ಕಾಸರಗೋಡಿನ ಪೇಟೆ ಚರ್ಚಿನ ಸುತ್ತ ಏನೇನಿದೆ? ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಿಬರುವವರಿದ್ದಾರೆ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಊರುಗಳಲ್ಲಿ, ಹಾಸಿಗೆ ಹಿಡಿದ ಮಕ್ಕಳನ್ನು ಬಿಟ್ಟು ಒಂದು ಮದುವೆಗೂ ಹೋಗಲಾಗದ ತಾಯಂದಿರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದುತ್ತಾ ಮಲಯಾಳದ ಸರಕಾರಿ ಕಾಗದಪತ್ರಗಳ ನಡುವೆ ತಡವರಿಸುವ ಹೈಸ್ಕೂಲ್ ಮಕ್ಕಳಿದ್ದಾರೆ. ಕಟ್ಟಡ ಕೆಲಸಕ್ಕೆ ಬಂಗಾಳ, ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಇರುವವರಿದ್ದಾರೆ.

ಎಲ್ಲವನ್ನೂ ಒಂದೇ ಚರ್ಚು ಎತ್ತಲಾರದು. ಎರಡನ್ನು ಆರಿಸಿ, ಅದಕ್ಕೆ ಲೆಕ್ಕ ಹಾಕಿ. ಉದಾಹರಣೆಗೆ, ಒಬ್ಬ ರೋಗಿ ವಾರಕ್ಕೆ ಮೂರು ಸಲ ಮಂಗಳೂರಿಗೆ ಹೋಗಬೇಕು, ಕಾರಿನ ಖರ್ಚು ಒಂದು ಸಲಕ್ಕೆ ₹1,500 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 12 ಸಲ, ಅಂದರೆ ₹18,000. ಅದನ್ನು ₹500ರ 36 ಪಾಲು ಮಾಡಿ. 'ನಮಗೆ 36 ಪಾಲು ಬೇಕು, ಈಗ 21 ಸಿಕ್ಕಿದೆ' ಎಂದು ಭಾನುವಾರ ಹೇಳಿ ನೋಡಿ. ಕೀ ಹುಡುಕುತ್ತಿದ್ದ ಕೈ ನಿಲ್ಲುತ್ತದೆ. ಜೊತೆಗೆ, ಕಾರು ಇದ್ದು ನಿವೃತ್ತರಾದವರು ಯಾರಾದರೂ ಎದ್ದು ನಿಂತು, 'ಬುಧವಾರದ ಟ್ರಿಪ್ ನನ್ನದು, ಪೆಟ್ರೋಲೂ ನನ್ನದೇ' ಎಂದಾರು. ಅದೂ ಕಾಣಿಕೆಯೇ. ಲೆಕ್ಕದ ಪುಟದಲ್ಲಿ ಅದಕ್ಕೂ ಒಂದು ಸಾಲು ಇರಲಿ. ನರ್ಸ್ ಆಗಿದ್ದವರು, ಪ್ಲಂಬರ್, ಟ್ಯೂಷನ್ ಹೇಳಿಕೊಡಬಲ್ಲ ಕಾಲೇಜು ಹುಡುಗಿ, ಇವರು ಕೊಡುವ ಗಂಟೆಗಳಿಗೆ ರಶೀದಿ ಹರಿಯಲಾಗದು, ಆದರೆ ಹೆಸರು ಹಿಡಿದು ವಂದನೆ ಹೇಳಬಹುದು.

ಒಂದು ಎಚ್ಚರಿಕೆ. ನೆರವು ಪಡೆದವರ ಫೋಟೊ ಹಾಕಿ ಹಣ ಕೇಳಬೇಡಿ. ಅಕ್ಕಿ ಚೀಲ ಹಿಡಿದ ಕೈ, ಪಕ್ಕದಲ್ಲಿ ಸಮಿತಿಯ ಏಳು ಮಂದಿಯ ನಗು: ಇಂಥ ಚಿತ್ರ ಗ್ರೂಪಿನಲ್ಲಿ ಬಂದ ಮೇಲೆ ಆ ಮನೆಯವರು ಮುಂದಿನ ತಿಂಗಳು ಹಸಿವಿದ್ದರೂ ಬರಲಿಕ್ಕಿಲ್ಲ.

ಮೂರನೇ ಹೆಜ್ಜೆ: ದೊಡ್ಡ ಕುಳಗಳ ಹಿಂದೆ ಓಡಬೇಡಿ

ಗಲ್ಫಿನಲ್ಲಿ ವ್ಯಾಪಾರ ಇರುವ ಒಬ್ಬರು ಎಲ್ಲವನ್ನೂ ಕೊಟ್ಟುಬಿಟ್ಟರೆ ಎಂಬ ಆಸೆ ಪ್ರತಿ ಸಮಿತಿಗೂ ಇರುತ್ತದೆ. ಕೊಟ್ಟರೆ ಒಳ್ಳೆಯದೇ. ಆದರೆ ಹಾಗೆ ಬಂದ ಹಣದ ಜೊತೆಗೆ ಒಂದು ಮಾತೂ ಬರುತ್ತದೆ: 'ಇನ್ನು ನಾವೇನು ಕೊಡುವುದು, ಅವರಿದ್ದಾರಲ್ಲ.' ಮರುವರ್ಷ ಅವರ ವ್ಯಾಪಾರ ಕುಸಿದರೆ ಸೇವೆಯೂ ಅವರೊಂದಿಗೆ ಕುಸಿಯುತ್ತದೆ.

ನಮ್ಮ ಕರಾವಳಿಯ ಚರಿತ್ರೆ ಬೇರೆಯೇ ಪಾಠ ಹೇಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್, ಶಾಲೆ, ಮುದ್ರಣ, ನೇಯ್ಗೆ, ಹೆಂಚಿನ ಕಾರ್ಖಾನೆ ಎಂದು ಬೆಳೆದದ್ದನ್ನು ನಾವು ಹೇಳುತ್ತಲೇ ಇರುತ್ತೇವೆ. ಆ ಮಿಷನ್ನಿನ ಬೆನ್ನಿಗಿದ್ದ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಬಂದದ್ದು 19ನೇ ಶತಮಾನದ ನಡುವಿನಲ್ಲಿ ಶುರುವಾದ ಅರ್ಧ ಬಾಟ್ಸೆನ್ ಸಂಗ್ರಹದಿಂದ. ಬಾಟ್ಸೆನ್ ಅಂದರೆ ಸ್ವಿಟ್ಜರ್ಲೆಂಡಿನ ಒಂದು ಚಿಲ್ಲರೆ ನಾಣ್ಯ. ಅದರ ಅರ್ಧವನ್ನು ಸಾಮಾನ್ಯ ಮನೆಗಳವರು ವಾರ ವಾರ ತೆಗೆದಿಟ್ಟು ಕೊಡುತ್ತಿದ್ದರು. ಕೇರಳದಲ್ಲಿ ಸಂತ ಚಾವರ ಕುರಿಯಾಕೋಸ್ ಏಲಿಯಾಸರ ಹೆಸರಿನೊಂದಿಗೆ ಬೆಸೆದುಕೊಂಡ ಪಿಡಿಯರಿಯೂ ಹೀಗೆಯೇ: ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುವುದು, ಅದು ಬಡಮಕ್ಕಳ ಊಟಕ್ಕೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಮಹಿಳೆಯರು 1910ರಲ್ಲಿ ಶುರುಮಾಡಿದ ಹಿಡಿ ಅಕ್ಕಿಯ ಪದ್ಧತಿ ಈಗಲೂ ನಿಂತಿಲ್ಲ.

ಪೇಟೆಯ ಫ್ಲ್ಯಾಟಿನಲ್ಲಿ ಹಿಡಿ ಅಕ್ಕಿ ಕೂಡಿಸುವವರು ಕಡಿಮೆ. ಅದರ ಬದಲು ತಿಂಗಳಿಗೊಂದು ಲಕೋಟೆ ಇಡಿ. ಲಕೋಟೆಯ ಮೇಲೆ ಮನೆಯ ಸಂಖ್ಯೆ ಸಾಕು, ಹೆಸರು ಬೇಡ. ₹50 ಹಾಕಿದವರು ಯಾರು, ₹5,000 ಹಾಕಿದವರು ಯಾರು ಎಂಬುದು ಖಜಾಂಚಿಯ ಪುಸ್ತಕದಲ್ಲಿ ಇರಲಿ, ಊರ ಬಾಯಲ್ಲಿ ಬೇಡ. ಮಕ್ಕಳಿಗೂ ಸಂಡೇ ಸ್ಕೂಲಿನಲ್ಲಿ ಒಂದೊಂದು ಚಿಕ್ಕ ಲಕೋಟೆ ಕೊಡಿ; ಅವರು ಹಾಕಿದ್ದು ಯಾವ ಮಗುವಿನ ನೋಟ್‌ಪುಸ್ತಕಕ್ಕೆ ಹೋಯಿತು ಎಂದು ಅವರಿಗೂ ತಿಳಿಸಿ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ತೆಗೆದಿಡಲಿ ಎಂದು ಪೌಲನು ಕೊರಿಂಥದವರಿಗೆ ಹೇಳಿದ್ದರಲ್ಲೂ ಇದೇ ಲೋಕಜ್ಞಾನವಿದೆ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡೋಣ ಎಂದುಕೊಂಡವರ ಬಳಿ ಏನೂ ಉಳಿಯುವುದಿಲ್ಲ.

ನಾಲ್ಕನೇ ಹೆಜ್ಜೆ: ಹಣ ಬರುವ ದಾರಿ

ಕ್ಯೂಆರ್ ಕೋಡ್ ಈಗ ಮೀನು ಮಾರುಕಟ್ಟೆಯಲ್ಲೂ ಇದೆ, ಚರ್ಚಿನ ಬಾಗಿಲಲ್ಲಿ ಇರುವುದು ತಪ್ಪೇನಲ್ಲ. ಅದು ಚರ್ಚಿನ ಹೆಸರಿನ ಖಾತೆಯದ್ದೇ ಆಗಿರಲಿ. ಕಾರ್ಯದರ್ಶಿಯ ಸ್ವಂತ ಗೂಗಲ್ ಪೇ ನಂಬರನ್ನು 'ಸದ್ಯಕ್ಕೆ' ಎಂದು ಕೊಟ್ಟರೆ ಆ ಸದ್ಯ ಮೂರು ವರ್ಷ ನಡೆಯುತ್ತದೆ. ಅಂಟಿಸಿದ ಕೋಡಿನ ಮೇಲೆ ಬೇರೆಯವರು ತಮ್ಮ ಸ್ಟಿಕ್ಕರ್ ಅಂಟಿಸುವ ಮೋಸವೂ ಉಂಟು. ಭಾನುವಾರ ಬೆಳಿಗ್ಗೆ ಸಮಿತಿಯ ಒಬ್ಬರು ₹1 ಹಾಕಿ, ಪರದೆಯ ಮೇಲೆ ಚರ್ಚಿನ ಹೆಸರೇ ಬರುತ್ತದೆಯೇ ಎಂದು ನೋಡಿಬಿಡಲಿ.

ಹೊರದೇಶದಿಂದ ಬರುವ ಹಣದ ವಿಷಯದಲ್ಲಿ ಭಾವನೆ ಬೇಡ, ಕಾನೂನು ನೋಡಿ. ದುಬೈಯಲ್ಲಿ ದುಡಿಯುವ ಭಾರತೀಯ ಪ್ರಜೆ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಅದೇ ಮನೆಯ ಮಗಳು ಕೆನಡಾದ ಪೌರತ್ವ ಪಡೆದಿದ್ದರೆ ಅವಳು ಕಳುಹಿಸಿದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇಲ್ಲದ ಚರ್ಚು 'ನಮ್ಮ ಹುಡುಗಿಯೇ ತಾನೇ' ಎಂದು ತೆಗೆದುಕೊಂಡರೆ ಆಮೇಲೆ ಉತ್ತರ ಹೇಳಬೇಕಾದವರು ಸಮಿತಿಯವರು. ಅವಳು ರಜೆಗೆ ಬಂದಾಗ ಟ್ಯೂಷನ್ ಮಕ್ಕಳೊಂದಿಗೆ ಒಂದು ವಾರ ಕೂರಲಿ, ಅದಕ್ಕೆ ವಿದೇಶಿ ದೇಣಿಗೆಯ ಅನುಮತಿ ಬೇಡ.

ತೆರಿಗೆ ರಿಯಾಯಿತಿಯ ಬಗ್ಗೆಯೂ ಸುಳ್ಳು ಆಸೆ ಹುಟ್ಟಿಸಬೇಡಿ. '80ಜಿ' ಎಂದು ಜನ ಕರೆಯುವ ವಿನಾಯಿತಿ ಆರಾಧನೆ, ಹಬ್ಬದಂಥ ಧಾರ್ಮಿಕ ಖರ್ಚಿನ ಕಾಣಿಕೆಗೆ ಸಾಮಾನ್ಯವಾಗಿ ಸಿಗದು. ಅದಕ್ಕೆ ಅನುಮೋದನೆ ಪಡೆದ ಸೇವಾ ಟ್ರಸ್ಟ್ ಬೇರೆಯೇ ಇರಬೇಕು. ಇದ್ದರೂ ₹2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟದ್ದಕ್ಕೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಐದನೇ ಹೆಜ್ಜೆ: ಕೇಳುವ ಕಾಲ, ಕೇಳುವ ಮಾತು

ಜೂನ್ ತಿಂಗಳಲ್ಲಿ ಕೇಳಬೇಡಿ. ಶಾಲೆ ಶುರು, ಫೀಸು, ಕೊಡೆ, ಯೂನಿಫಾರ್ಮು. ಮಳೆಗೆ ಮನೆ ಮಾಡಿನ ಚಿಂತೆ ಬೇರೆ. ಅಡಿಕೆ ಕೈಗೆ ಬಂದು ದುಡ್ಡಾಗುವ ತಿಂಗಳುಗಳು, ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಕ್ರಿಸ್ಮಸ್, ಇವು ಸರಿಯಾದ ಹೊತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಹೊತ್ತು ಇಗರ್ಜಿಗೆ ಬರುವ ಕೊಂಕಣಿ ಮನೆಗಳಿಗಂತೂ ಫಲ ಕೊಡುವುದನ್ನು ಹೊಸದಾಗಿ ಕಲಿಸಬೇಕಿಲ್ಲ.

ಬೆಳೆ ಹಬ್ಬಕ್ಕೆ ಕಾಣಿಕೆಯಾಗಿ ಬಂದದ್ದರ ಏಲಂ (ಹರಾಜು) ಬಗ್ಗೆ ಎರಡು ಮಾತು. ಯಾರದ್ದೋ ಹಿತ್ತಿಲ ನೇಂದ್ರ ಗೊನೆ, ಒಂದು ಊರ ಕೋಳಿ, ಬುಟ್ಟಿ ತುಂಬ ಮುಳ್ಳುಸೌತೆ. ಕಾಲು ಕಟ್ಟಿದ ಕೋಳಿ ಮೈಕಿನ ಪಕ್ಕದಲ್ಲೇ ಕೊಕ್ಕರಿಸುತ್ತದೆ. 'ಇನ್ನೂರು ಒಂದು, ಇನ್ನೂರು ಎರಡು...' 'ಮುನ್ನೂರು!' 'ಏ ಅಣ್ಣ, ನಿಮ್ಮ ಕೋಳಿಯನ್ನೇ ನೀವು ತಗೊಳ್ಳುದಾ?' ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ, ಅವರು ನಗುತ್ತಾ ನಾನೂರಕ್ಕೆ ಏರಿಸುತ್ತಾರೆ. ಕೊನೆಗೆ ಗೆದ್ದವರು ಅದನ್ನು ಮತ್ತೆ ಏಲಂಗೇ ಬಿಡುತ್ತಾರೆ. ಸಂತೋಷದಿಂದ ಕೊಡುವವನನ್ನು ದೇವರು ಪ್ರೀತಿಸುತ್ತಾನೆ ಎಂಬ ಮಾತು ಕಣ್ಣಿಗೆ ಕಾಣುವುದು ಇಂಥಲ್ಲೇ. ಆದರೆ ಏಲಂ ಇಬ್ಬರ ಪಂಥಕ್ಕೆ ತಿರುಗಿತು ಎಂದಾದರೆ ಕೂಗುವವರು ಬೇಗ ಸುತ್ತಿಗೆ ಹೊಡೆಯಲಿ. ಒಂದೇ ಒಂದು ತೆಂಗಿನಕಾಯಿ ತಂದ ಅಜ್ಜಿಯ ಸರದಿಯನ್ನು ಕೊನೆಗೆ, ಜನ ಎದ್ದುಹೋಗುವ ಹೊತ್ತಿಗೆ ತಳ್ಳಬೇಡಿ.

ಹೆಸರು ಬರೆಸುವ ಚಟವೂ ಒಂದಿದೆ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಅವರ ತಂದೆಯ ಹೆಸರು, ಊರಿನ ಹೆಸರು ಎಲ್ಲ ಬರೆದ ಮೇಲೆ ಬೆಳಕಿಗೆ ಜಾಗ ಉಳಿಯುವುದು ಕಷ್ಟ. ಕಟ್ಟಡಕ್ಕೆ ಒಂದು ಕಲ್ಲು ಸಾಕು.

ಇನ್ನು ಪ್ರಸಂಗ. ಬೈಬಲಿನ ಮಲಾಕಿಯನ ಮೂರನೇ ಅಧ್ಯಾಯ ಹಿಡಿದು 'ಕೊಡದಿದ್ದರೆ ಶಾಪ, ಕೊಟ್ಟರೆ ಇಮ್ಮಡಿ' ಎಂದು ಹೆದರಿಸುವವರು, ಆಸೆ ಹುಟ್ಟಿಸುವವರು ಈಗ ಹೆಚ್ಚಾಗಿದ್ದಾರೆ. ಹಾಗೆ ಬಂದ ಹಣ ಒಂದು ತಿಂಗಳು ಬರುತ್ತದೆ. ಸಾಲದಲ್ಲಿರುವ ಮನೆ, ಇಮ್ಮಡಿ ಬರದಿದ್ದಾಗ ತನ್ನ ನಂಬಿಕೆಯಲ್ಲೇ ಕೊರತೆ ಎಂದುಕೊಂಡು ಚರ್ಚಿಗೆ ಬರುವುದನ್ನೇ ಬಿಡುತ್ತದೆ. ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆ ಹಾಕಿದ ಬಡ ವಿಧವೆಯ ಕಥೆಯನ್ನೂ ಜೋಪಾನವಾಗಿ ಹೇಳಿ. ಮಾರ್ಕನ ಸುವಾರ್ತೆಯಲ್ಲಿ ಆ ಕಥೆಗೆ ಸ್ವಲ್ಪ ಮೊದಲೇ ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸುವಿನ ಕಟು ಮಾತು ಇದೆ. ಎರಡನ್ನೂ ಒಟ್ಟಿಗೆ ಓದಿದ ಸಮಿತಿ ಆ ವಿಧವೆಯಿಂದ ವಂತಿಗೆ ಬಾಕಿ ಕೇಳುವ ಮೊದಲು ಎರಡು ಸಲ ಯೋಚಿಸುತ್ತದೆ.

ಲಕೋಟೆ ನಿಂತಾಗ

ಎರಡು ಮೂರು ತಿಂಗಳು ಒಂದು ಸಂಖ್ಯೆಯ ಲಕೋಟೆ ಬರಲಿಲ್ಲ ಎಂದರೆ ಜ್ಞಾಪನಾ ಪತ್ರ ಕಳುಹಿಸುವ ಪದ್ಧತಿ ಕೆಲವೆಡೆ ಇದೆ. ಪತ್ರ ಬೇಡ. ಸಭಾಪಾಲಕರೋ ಸ್ತ್ರೀಯರ ಕೂಟದ ಯಾರಾದರೂ ಅಕ್ಕನೋ ಒಂದು ಸಂಜೆ ಮನೆಗೆ ಹೋಗಿಬರಲಿ, ರಶೀದಿ ಪುಸ್ತಕ ಚರ್ಚಿನಲ್ಲೇ ಬಿಟ್ಟು. ಗಲ್ಫಿನಿಂದ ಮಗನನ್ನು ಕೆಲಸದಿಂದ ಬಿಡಿಸಿ ಕಳುಹಿಸಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು, ಅಥವಾ ಲೆಕ್ಕದ ಬಗ್ಗೆಯೇ ಏನೋ ಕಸಿವಿಸಿ ಇರಬಹುದು. ಕಷ್ಟವಿದ್ದರೆ ಅದೇ ಸೇವಾ ನಿಧಿಯಿಂದ ಆ ಮನೆಗೆ ಏನು ಮಾಡಬಹುದು ಎಂದು ಮುಂದಿನ ಸಮಿತಿ ಸಭೆಯಲ್ಲಿ ಮಾತಾಡಿ. ಕಸಿವಿಸಿ ಇದ್ದರೆ ಅವರನ್ನೇ ಕರೆದು, ಒಂದು ಭಾನುವಾರ ಎಣಿಸುವ ಮೇಜಿನಲ್ಲಿ ಕೂರಿಸಿ.